ಮಹಾಮಾರಿಯೊಂದಿಗೆ ಬಂದ ಮಾತುಗಳು: ಕೂಡ್ಲಿಗಿ ಸೀಮೆಯಲ್ಲಿ ಕೋವಿಡ್ ಕಾಲದ ಇಂಗ್ಲಿಷ್

ಕೂಡ್ಲಿಗಿ: 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಯವರು ದೂರದರ್ಶನದಲ್ಲಿ ದೇಶವನ್ನು ಉದ್ದೇಶಿಸಿ ಮಾತನಾಡಿದರು. ಮರುದಿನ ಯುಗಾದಿ. ಭಾಷಣ ಹಿಂದಿಯಲ್ಲಿತ್ತು. ಅದರ ತಿರುಳಾಗಿದ್ದ ಪದ ಮಾತ್ರ ಇಂಗ್ಲಿಷಿನದು: ಲಾಕ್‌ಡೌನ್. 'ಲಾಕು' ಎಂದರೆ ಬೀಗವೆಂದು ಹಳ್ಳಿಯವರಿಗೂ ಗೊತ್ತು. 'ಡೌನು' ಎಂದರೆ ಇಳಿಯುವುದೆಂದೂ ಗೊತ್ತು. ಎರಡೂ ಸೇರಿದಾಗ ಏನಾಗುತ್ತದೆ ಎಂಬುದು ತಿಳಿದದ್ದು ಬೆಳಿಗ್ಗೆ ಬಸ್ಸು ಬಾರದೆ ಹೋದಾಗ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸ ಜಿಲ್ಲೆಯ ಭಾಗವಾದವು. ಮಳೆಯನ್ನು ನಂಬಿ ಶೇಂಗಾ, ಜೋಳ, ಮೆಕ್ಕೆಜೋಳ ಬೆಳೆಯುವ, ಮಳೆ ಕೈಕೊಟ್ಟರೆ ಕೂಲಿ ಅರಸಿ ಗುಳೆ ಹೋಗುವ ಈ ಸೀಮೆಗೆ ಎರಡು ವರ್ಷಗಳ ಅವಧಿಯಲ್ಲಿ ಹತ್ತಾರು ಹೊಸ ಇಂಗ್ಲಿಷ್ ಪದಗಳು ಬಂದವು. ಅವು ಎಲ್ಲಿ ಹುಟ್ಟಿದವು, ಯಾವುವು ಕನ್ನಡವಾದವು, ಯಾವುವು ಇಂಗ್ಲಿಷಾಗಿಯೇ ಉಳಿದವು, ಅದರಿಂದ ಜನರಿಗೆ ಒದಗಿದ್ದೇನು ಎಂಬುದರ ಒಂದು ಸಂಗ್ರಹ ಇಲ್ಲಿದೆ.

ಇಂಗ್ಲಿಷಿನಲ್ಲಿ ಹುಟ್ಟಿದ ಬಗೆ

ವಿಶ್ವ ಆರೋಗ್ಯ ಸಂಸ್ಥೆಯು ಹೊಸ ಕಾಯಿಲೆಗೆ ಹೆಸರಿಟ್ಟದ್ದು 2020ರ ಫೆಬ್ರುವರಿ 11ರಂದು. ಕೊರೊನಾದ 'ಕೋ', ವೈರಸ್‌ನ 'ವಿ', ರೋಗ ಎಂಬ ಅರ್ಥದ ಡಿಸೀಸ್ ಪದದ 'ಡಿ', ಜೊತೆಗೆ ಕಾಯಿಲೆ ಪತ್ತೆಯಾದ 2019ರ ಕೊನೆಯ ಎರಡು ಅಂಕಿ ಸೇರಿ 'ಕೋವಿಡ್-19' ಆಯಿತು. ಊರು, ಜನಾಂಗ ಅಥವಾ ಪ್ರಾಣಿಯ ಹೆಸರನ್ನು ರೋಗಕ್ಕೆ ಅಂಟಿಸಬಾರದೆಂದು ಆ ಸಂಸ್ಥೆ 2015ರಲ್ಲೇ ಸೂಚಿಸಿತ್ತು. 'ಕೊರೊನಾ' ಎಂಬುದು ಲ್ಯಾಟಿನ್ ಭಾಷೆಯಲ್ಲಿ ಕಿರೀಟವನ್ನು ಹೇಳುವ ಪದ. ಸೂಕ್ಷ್ಮದರ್ಶಕದಲ್ಲಿ ವೈರಾಣುವಿನ ಸುತ್ತ ಕಾಣುವ ಮುಳ್ಳುಗಳ ಅಂಚಿನಿಂದಾಗಿ 1968ರಲ್ಲಿ ವಿಜ್ಞಾನಿಗಳು ಆ ಹೆಸರನ್ನು ಬಳಕೆಗೆ ತಂದರು.

ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು 2020ರ ಮಾರ್ಚ್ ತಿಂಗಳಲ್ಲೇ ಕೋವಿಡ್-19 ಪದವನ್ನು ಸೇರಿಸಿಕೊಂಡಿತು. ಪದವೊಂದು ನಿಘಂಟಿಗೆ ಸೇರಲು ಸಾಮಾನ್ಯವಾಗಿ ವರ್ಷಗಳೇ ಬೇಕಾಗುತ್ತವೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಏಪ್ರಿಲ್‌ನಲ್ಲಿ ವಿಶೇಷ ಪರಿಷ್ಕರಣೆ ಹೊರತಂದಿತು. ಕಾಲಿನ್ಸ್ ನಿಘಂಟು 'ಲಾಕ್‌ಡೌನ್' ಅನ್ನು ಆ ವರ್ಷದ ಪದವೆಂದು ಆರಿಸಿತು. ಪ್ರತಿ ವರ್ಷ ಒಂದು ಪದವನ್ನು ಹೆಸರಿಸುತ್ತಿದ್ದ ಆಕ್ಸ್‌ಫರ್ಡ್ ಮಾತ್ರ ಆ ವರ್ಷ ಒಂದೇ ಪದ ಸಾಲದೆಂದು ಪದಗಳ ಪಟ್ಟಿಯನ್ನೇ ಪ್ರಕಟಿಸಿತು.

ಹೊಸವೆಂದು ತೋರಿದ ಪದಗಳಲ್ಲಿ ಹೆಚ್ಚಿನವು ಹಳೆಯವೇ ಎಂಬುದು ಗಮನಾರ್ಹ. 'ಲಾಕ್‌ಡೌನ್' ಅಮೆರಿಕದ ಸೆರೆಮನೆಗಳಲ್ಲಿ ಕೈದಿಗಳನ್ನು ಕೋಣೆಯಲ್ಲೇ ಕೂಡಿಹಾಕುವ ಕ್ರಮಕ್ಕಿದ್ದ ಹೆಸರು. 'ಕ್ವಾರಂಟೈನ್' ಇನ್ನೂ ಹಳೆಯದು. ಪ್ಲೇಗಿಗೆ ಹೆದರಿದ ಏಡ್ರಿಯಾಟಿಕ್ ಕಡಲತೀರದ ರಗೂಸಾ ನಗರ 1377ರಲ್ಲಿ ಹೊರಗಿನಿಂದ ಬಂದವರನ್ನು 30 ದಿನ ಪ್ರತ್ಯೇಕವಾಗಿ ಇರಿಸಿತು. ಮುಂದೆ ಈ ಅವಧಿ 40 ದಿನವಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತನ್ನು ಹೇಳುವ ಪದದಿಂದ ಕ್ವಾರಂಟೈನ್ ಹುಟ್ಟಿತು. ಕೋವಿಡ್ ಕಾಲದಲ್ಲಿ 14 ದಿನಕ್ಕಿಳಿದಾಗಲೂ ಹೆಸರು ನಲವತ್ತರದ್ದೇ ಉಳಿಯಿತು.

ಹಳೆಯ ರೋಗ, ಹಳೆಯ ಮಾತು

ರೋಗದೊಂದಿಗೆ ಪದ ಬರುವುದು ಈ ಸೀಮೆಗೆ ಹೊಸತಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಕನ್ನಡ ನಾಡಿಗೂ ಹಬ್ಬಿತು. ಇಂಗ್ಲಿಷಿನ ಆ ಪದ ಕೊನೆಗೊಂದು ಸ್ವರ ಸೇರಿಸಿಕೊಂಡು 'ಪ್ಲೇಗು' ಆಯಿತು. ಕೆಲವೆಡೆ ದೇವಿಯಾಗಿ 'ಪ್ಲೇಗಮ್ಮ' ಎಂದು ಗುಡಿಯನ್ನೂ ಪಡೆಯಿತು. ಆಗ ಜಾರಿಗೆ ಬಂದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲಿಯೂ ಬಳಸಲಾಯಿತು.

ಸಿಡುಬು ಬಂದಾಗ ಜನ 'ಅಮ್ಮ ಬಂದಿದ್ದಾಳೆ' ಎಂದರು. ಅದನ್ನು ತಡೆಯುವ ಚುಚ್ಚುಮದ್ದನ್ನು 'ದೇವಿ ಹಾಕಿಸುವುದು' ಎಂದರು. ಇಂಗ್ಲಿಷಿನ 'ವ್ಯಾಕ್ಸಿನ್' ಪದದಲ್ಲಿರುವುದು ಲ್ಯಾಟಿನ್ನಿನ ಹಸು. ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ಕೀವಿನಿಂದ ಮೊದಲ ಪ್ರಯೋಗ ನಡೆಸಿದ್ದು ಇದಕ್ಕೆ ಕಾರಣ. ಕನ್ನಡದ 'ಲಸಿಕೆ'ಯಲ್ಲಿರುವುದು ದೇಹದ ದ್ರವವನ್ನು ಹೇಳುವ ಸಂಸ್ಕೃತದ 'ಲಸೀಕಾ'.

ಲಾಕ್‌ಡೌನಿಗೆ ಹತ್ತಿರದ ಆಚರಣೆಯೊಂದು ಬಳ್ಳಾರಿ, ಚಿತ್ರದುರ್ಗ, ದಾವಣಗೆರೆ ಭಾಗದ ಹಲವು ಹಳ್ಳಿಗಳಲ್ಲಿದೆ. ಅದರ ಹೆಸರು 'ಹೊರಬೀಡು'. ಊರಿಗೆ ಜಡ್ಡು ಬಾರದಿರಲೆಂದು ಒಂದು ದಿನ ಇಡೀ ಊರಿನ ಜನ ಮನೆಗಳಿಗೆ ಬೀಗ ಹಾಕಿ, ದನಕರುಗಳೊಂದಿಗೆ ಹೊಲಗಳಿಗೆ ಹೋಗಿ ಬಿಡಾರ ಹೂಡುತ್ತಾರೆ. ಊರ ದಾರಿಗೆ ಮುಳ್ಳುಬೇಲಿ ಎಳೆಯುತ್ತಾರೆ. ಅಡುಗೆ, ಊಟ ಎಲ್ಲವೂ ಹೊರಗೆ. ಪೂಜೆ ಮುಗಿದ ಮೇಲೆ ಸಂಜೆ ಊರು ಸೇರುತ್ತಾರೆ. ಹೊರಬೀಡಿನಲ್ಲಿ ಊರಿಗೆ ಬೀಗ, ಜನರಿಗೆ ಬಯಲು. ಲಾಕ್‌ಡೌನಿನಲ್ಲಿ ಜನರಿಗೆ ಬೀಗ, ಊರ ಬೀದಿ ಬಯಲು. 2020ರ ಮಾರ್ಚ್ ಕೊನೆಯಲ್ಲಿ ರಾಜ್ಯದ ಅನೇಕ ಹಳ್ಳಿಗಳವರು ಹೊರಗಿನವರು ಬಾರದಂತೆ ದಾರಿಗೆ ಮುಳ್ಳು, ಕಲ್ಲು ಅಡ್ಡ ಹಾಕಿದರು. ಪದ ಹೊಸದಾದರೂ ಕೈ ಮಾಡಿದ ಕೆಲಸ ಹಳೆಯದು.

ಕನ್ನಡವಾದ ಪದಗಳು

ರೋಗ ಮತ್ತು ದೇಹಕ್ಕೆ ಸಂಬಂಧಿಸಿದ ಪದಗಳಿಗೆ ಕನ್ನಡ ಬೇಗನೆ ಒದಗಿತು. ಇನ್‌ಫೆಕ್ಷನ್‌ಗೆ 'ಸೋಂಕು' ಇತ್ತು. ಹಳಗನ್ನಡದಲ್ಲಿ ಮುಟ್ಟುವುದು, ತಾಗುವುದು ಎಂಬ ಅರ್ಥದ ಈ ಪದ ಸ್ಪರ್ಶದಿಂದ ಹರಡುವ ರೋಗಕ್ಕೆ ಹೇಳಿಮಾಡಿಸಿದಂತಿದೆ. ಅದಕ್ಕೆ ಸಂಸ್ಕೃತದ ಪ್ರತ್ಯಯ ಹಚ್ಚಿದ 'ಸೋಂಕಿತ' ಎಚ್‌ಐವಿ ಕುರಿತ ಬರಹಗಳಲ್ಲಿ ಮೊದಲೇ ಇತ್ತು. ಕೋವಿಡ್ ಕಾಲದಲ್ಲಿ ಅದು ಮನೆಮಾತಾಯಿತು.

ಸ್ವಾಬ್ ಎಂಬುದು 'ಗಂಟಲು ದ್ರವ'ವಾಯಿತು. ಕೈಗವಸಿನ ಜಾಡಿನಲ್ಲಿ ಮಾಸ್ಕ್ 'ಮುಖಗವಸು' ಆಯಿತು. ವೇರಿಯಂಟ್ 'ರೂಪಾಂತರಿ'ಯಾಯಿತು, ವೇವ್ 'ಅಲೆ'ಯಾಯಿತು, ಗೈಡ್‌ಲೈನ್ 'ಮಾರ್ಗಸೂಚಿ'ಯಾಯಿತು. ಆಡುಮಾತಿನಲ್ಲಿ ಜನ 'ಮಾಸ್ಕು' ಎಂದೇ ಅಂದರೂ ಪತ್ರಿಕೆಯಲ್ಲಿ 'ಮುಖಗವಸು' ಎಂದು ಓದಿದಾಗ ಯಾರೂ ಅರ್ಥ ಕೇಳಲಿಲ್ಲ. ನೋಡಿದೊಡನೆ ತಿಳಿಯುವ ಪದಕ್ಕೆ ಪ್ರಚಾರ ಬೇಕಿಲ್ಲ.

ಆಜ್ಞೆಯ ಪದಗಳು

ಆಡಳಿತದ ಪದಗಳ ಕಥೆಯೇ ಬೇರೆ. ಲಾಕ್‌ಡೌನ್, ಕ್ವಾರಂಟೈನ್, ಕಂಟೈನ್‌ಮೆಂಟ್ ಜೋನ್, ಬಫರ್ ಜೋನ್, ಪ್ರೈಮರಿ ಕಾಂಟ್ಯಾಕ್ಟ್, ಟ್ರಾವೆಲ್ ಹಿಸ್ಟರಿ, ವಾರ್ ರೂಮ್, ಅನ್‌ಲಾಕ್ ಎಂಬಿವು ಇಂಗ್ಲಿಷಾಗಿಯೇ ಉಳಿದವು. ಪತ್ರಿಕೆಗಳು 'ದಿಗ್ಬಂಧನ', 'ಪ್ರತ್ಯೇಕವಾಸ', 'ನಿಯಂತ್ರಿತ ವಲಯ' ಎಂದು ಬರೆದು ನೋಡಿದವು. ಅವು ಹೆಚ್ಚು ದಿನ ನಿಲ್ಲಲಿಲ್ಲ. ಕಾರಣ ಸರಳ. ಆದೇಶಗಳ ಮೂಲ ಕರಡು ದೆಹಲಿಯಿಂದ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅದು ರಾಜಧಾನಿ, ಜಿಲ್ಲಾಕೇಂದ್ರ, ತಾಲ್ಲೂಕು ಕಚೇರಿಗಳನ್ನು ದಾಟಿ ಗ್ರಾಮ ಪಂಚಾಯಿತಿ ತಲುಪುವಾಗ ಕ್ರಿಯಾಪದಗಳು ಮಾತ್ರ ಕನ್ನಡವಾಗುತ್ತಿದ್ದವು. 'ಕ್ವಾರಂಟೈನ್ ಮಾಡತಕ್ಕದ್ದು', 'ಸ್ಯಾನಿಟೈಸ್ ಮಾಡತಕ್ಕದ್ದು' ಎಂಬ ವಾಕ್ಯಗಳು ಹೀಗೆ ಹುಟ್ಟಿದವು. ಆಡಳಿತ ಕನ್ನಡದಲ್ಲಿ ನಡೆಯಬೇಕೆನ್ನುವ ರಾಜಭಾಷಾ ಕಾಯ್ದೆ 1963ರಷ್ಟು ಹಿಂದಿನದು ಎಂಬುದನ್ನು ಇಲ್ಲಿ ನೆನೆಯಬೇಕು.

ಕರ್ನಾಟಕ ತಾನೇ ಒಂದು ಇಂಗ್ಲಿಷ್ ಪದವನ್ನು ಬಳಕೆಗೆ ತಂದು ಊರೂರಿಗೆ ಮುಟ್ಟಿಸಿತು. ಅದೇ 'ಸೀಲ್‌ಡೌನ್'. ಒಂದು ಪ್ರದೇಶವನ್ನು ಪೂರ್ತಿ ಮುಚ್ಚುವುದಕ್ಕೆ ಇಂಗ್ಲಿಷರು 'ಸೀಲ್ ಆಫ್' ಎನ್ನುತ್ತಾರೆ. ಲಾಕ್‌ಡೌನಿನ ಪ್ರಾಸಕ್ಕೆ ಇಲ್ಲಿ 'ಡೌನ್' ಸೇರಿಕೊಂಡಿತು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಪಾದರಾಯನಪುರ ಮತ್ತು ಬಾಪೂಜಿನಗರ ವಾರ್ಡುಗಳಿಗೆ ಅನ್ವಯವಾದ ಈ ಪದ ಕೆಲವೇ ವಾರಗಳಲ್ಲಿ ಹಳ್ಳಿಯ ಓಣಿಗಳಿಗೂ ಬಂದಿತು. ಲಾಕ್‌ಡೌನ್ ಎಲ್ಲರಿಗೂ ಅನ್ವಯಿಸುತ್ತಿತ್ತು. ಸೀಲ್‌ಡೌನ್ ಒಂದು ಮನೆಯನ್ನು, ಒಂದು ಓಣಿಯನ್ನು ಬೆರಳಿಟ್ಟು ತೋರಿಸುತ್ತಿತ್ತು. ಬಾಗಿಲಿಗೆ ಅಂಟಿಸಿದ ಚೀಟಿ, ಬೀದಿಗೆ ಕಟ್ಟಿದ ಬೊಂಬು, ಕೈಗೆ ಒತ್ತಿದ ಮುದ್ರೆ ಇವೆಲ್ಲ ರೋಗಿಯನ್ನು ಅಪರಾಧಿಯಂತೆ ಕಾಣಿಸಿದವು.

ರಾಜ್ಯದ ಆರೋಗ್ಯ ಇಲಾಖೆಯ ದೈನಂದಿನ ಪ್ರಕಟಣೆಯಲ್ಲಿ ಸೋಂಕಿತರಿಗೆ ಹೆಸರಿರಲಿಲ್ಲ, 'ಪಿ' ಅಕ್ಷರದೊಂದಿಗೆ ಒಂದು ಸಂಖ್ಯೆ ಇರುತ್ತಿತ್ತು. ಗುರುತು ಮರೆಮಾಡಲೆಂದೇ ಈ ಏರ್ಪಾಡು. ಆದರೆ ವಯಸ್ಸು, ಊರು, ಯಾರ ಸಂಪರ್ಕ ಎಂಬ ವಿವರವೂ ಜೊತೆಗಿರುತ್ತಿದ್ದುದರಿಂದ ಸಣ್ಣ ಊರುಗಳಲ್ಲಿ ಆ ಸಂಖ್ಯೆ ಯಾರದೆಂದು ಊಹಿಸುವುದು ಕಷ್ಟವಿರಲಿಲ್ಲ. ಪರೀಕ್ಷೆಗೆ ಹೋದರೆ ಓಣಿ ಸೀಲ್‌ಡೌನ್ ಆಗುತ್ತದೆಂಬ ಅಂಜಿಕೆ ಇದ್ದಲ್ಲಿ ಜ್ವರವನ್ನು ಮುಚ್ಚಿಡುವುದು ಸಹಜ. ಇಲ್ಲಿ ಪದದ ಪ್ರಶ್ನೆ ಪ್ರಾಣದ ಪ್ರಶ್ನೆಯೂ ಆಗುತ್ತದೆ.

ಇನ್ನೊಂದು ವಿಪರ್ಯಾಸ 'ಪಾಸಿಟಿವ್' ಪದದ್ದು. ಪಾಸಿಟಿವ್ ಎಂದರೆ ಒಳ್ಳೆಯದು ಎಂದು ಶಾಲೆಯಲ್ಲಿ ಕಲಿತ ಮಕ್ಕಳು, ಮನೆಯಲ್ಲಿ ಯಾರಿಗಾದರೂ 'ಪಾಸಿಟಿವ್ ಬಂತು' ಎಂದರೆ ಅಳಬೇಕಾಯಿತು. 'ಸೋಂಕು ಇದೆ', 'ಸೋಂಕು ಇಲ್ಲ' ಎಂದು ಬರೆದಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

'ಅಂತರ' ಎಂಬ ಪದದ ಭಾರ

'ಸೋಷಿಯಲ್ ಡಿಸ್ಟೆನ್ಸಿಂಗ್' ಎಂಬುದನ್ನು ಪದಕ್ಕೆ ಪದ ಇಟ್ಟು 'ಸಾಮಾಜಿಕ ಅಂತರ' ಎಂದು ಮಾಡಲಾಯಿತು. ಬೇಕಾಗಿದ್ದದ್ದು ಇಬ್ಬರ ನಡುವೆ ಆರು ಅಡಿ ಜಾಗ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ ಇದನ್ನು ದೈಹಿಕ ಅಂತರವೆಂದು ಕರೆಯುವುದು ಲೇಸೆಂದು ಹೇಳಿತ್ತು. ಕನ್ನಡದಲ್ಲಿ ಈ ತಿದ್ದುಪಡಿ ಇನ್ನೂ ಮುಖ್ಯವಾಗಿತ್ತು. ಚಹಾದಂಗಡಿಯಲ್ಲಿ ಬೇರೆ ಲೋಟ ಇಟ್ಟ ನೆನಪು, ಬಾವಿಯ ಹತ್ತಿರ ದೂರ ನಿಲ್ಲಿಸಿದ ನೆನಪು ಮಾಸದ ನಾಡಿನಲ್ಲಿ 'ಸಮಾಜದಿಂದ ಅಂತರ ಕಾಯ್ದುಕೊಳ್ಳಿ' ಎಂಬುದು ಆರೋಗ್ಯದ ಸೂಚನೆಯಾಗಿ ಮಾತ್ರ ಕೇಳಿಸುವುದಿಲ್ಲ. 'ದೂರ ನಿಲ್ಲಿ' ಎಂಬ ಎರಡು ಪದಗಳು ಸಾಕಾಗಿದ್ದವು.

ಗುಳೆ ಮತ್ತು ಮೈಗ್ರೆಂಟ್

ಕೂಡ್ಲಿಗಿ, ಹರಪನಹಳ್ಳಿ ಭಾಗದ ಹಟ್ಟಿ, ತಾಂಡಾಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಗಳಿಗೆ, ಕಬ್ಬು ಕಡಿಯಲು ಹೋಗುವುದನ್ನು 'ಗುಳೆ' ಎನ್ನುತ್ತಾರೆ. ಬರ, ಸಾಲ, ಮರಳಿ ಬರುವ ಆಸೆ ಎಲ್ಲವೂ ಆ ಒಂದು ಪದದಲ್ಲಿವೆ. 2020ರಲ್ಲಿ ಇದೇ ಜನ ಸುದ್ದಿವಾಹಿನಿಗಳಲ್ಲಿ 'ಮೈಗ್ರೆಂಟ್'ಗಳಾದರು, ಕಡತಗಳಲ್ಲಿ 'ವಲಸೆ ಕಾರ್ಮಿಕ'ರಾದರು. ಕೆಲಸ ನಿಂತು ಊರಿಗೆ ಹೊರಟವರಿಗೆ ಪಾಸು, ಸ್ಕ್ರೀನಿಂಗ್, ಕ್ವಾರಂಟೈನ್ ಎಂಬ ಮೂರು ಗಡಿಗಳು ಎದುರಾದವು. ಪರಸ್ಥಳದಿಂದ ಸ್ವಂತ ಊರಿಗೆ ಬಂದವರು ಮನೆಯ ಬದಲು ಶಾಲೆ, ವಿದ್ಯಾರ್ಥಿನಿಲಯಗಳಲ್ಲಿ ದಿನ ಎಣಿಸಬೇಕಾಯಿತು.

ಪರಿಹಾರವೂ ಇಂಗ್ಲಿಷ್ ಹೆಸರಿನಲ್ಲೇ ಬಂದಿತು. 2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಗಳ 'ಪ್ಯಾಕೇಜ್' ಪ್ರಕಟಿಸಿತು. ಅದರಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಸೇರಿದ್ದವು. ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಗೆ ಈ ಘೋಷಣೆ ಮುಖ್ಯವಾಗಿತ್ತು. ದಿನದ ಹೂವು ದಿನವೇ ಮಾರಾಟವಾಗಬೇಕು, ಜಾತ್ರೆ, ಮದುವೆ, ಗುಡಿ ಎಲ್ಲವೂ ಮುಚ್ಚಿದ್ದವು.

'ಕೊರೊನಾ ವಾರಿಯರ್' ಎಂಬ ಬಿರುದನ್ನು ಆಶಾ ಕಾರ್ಯಕರ್ತೆಯರಿಗೂ ಕೊಡಲಾಯಿತು. ಮನೆಮನೆಗೆ ಹೋಗಿ ಜ್ವರದವರ ಪಟ್ಟಿ ಮಾಡಿದವರು ಅವರೇ. ಹೊಸ ಪದಗಳನ್ನೆಲ್ಲ ಊರ ಮಾತಿನಲ್ಲಿ ಬಿಡಿಸಿ ಹೇಳುವ ಹೊಣೆಯೂ ಅವರ ಮೇಲೆಯೇ ಬಿತ್ತು. 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದರು. ಬಿರುದು ಇಂಗ್ಲಿಷಿನಲ್ಲಿ ಸುಲಭವಾಗಿ ದೊರೆತಿತ್ತು, ಸಂಬಳ ದೊರೆತಿರಲಿಲ್ಲ.

ಎರಡನೇ ಅಲೆಯ ಪದಗಳು

2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಪದಗಳ ಸ್ವರೂಪ ಬದಲಾಯಿತು. ಮೊದಲ ಅಲೆಯ ಪದಗಳು ಪೊಲೀಸರವು, ಎರಡನೆಯ ಅಲೆಯವು ಆಸ್ಪತ್ರೆಯವು. 'ಸ್ಯಾಚುರೇಷನ್ ಎಷ್ಟೈತಿ?', 'ಬೆಡ್ ಸಿಕ್ತಾ?' ಎಂಬ ಪ್ರಶ್ನೆಗಳು ಹಳ್ಳಿಯ ಕಟ್ಟೆಗಳಲ್ಲೂ ಕೇಳಿಬಂದವು. ಆಕ್ಸಿಮೀಟರ್, ವೆಂಟಿಲೇಟರ್, ರೆಮ್‌ಡೆಸಿವಿರ್, ಬ್ಲ್ಯಾಕ್ ಫಂಗಸ್ ಪದಗಳು ಮನೆಮಾತಾದವು. ಪಠ್ಯಪುಸ್ತಕದಲ್ಲಿ ಓದಿದ್ದ 'ಆಮ್ಲಜನಕ' ಅಲ್ಲೇ ಉಳಿದು, ಜನರ ಬಾಯಲ್ಲಿ 'ಆಕ್ಸಿಜನ್' ನಿಂತಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ದ್ರವರೂಪದ ಆಮ್ಲಜನಕ ಆಸ್ಪತ್ರೆಗಳಿಗೆ ಹೋಯಿತು. ಕಾರ್ಖಾನೆಯ ಬಳಿ ತಾತ್ಕಾಲಿಕ ಆಸ್ಪತ್ರೆಯೂ ತೆರೆಯಿತು.

ಇದೇ ಅಲೆಯ ನಡುವೆ, 2021ರ ಏಪ್ರಿಲ್ 19ರಂದು, ನಿಘಂಟುತಜ್ಞ ಪ್ರೊ. ಜಿ. ವೆಂಕಟಸುಬ್ಬಯ್ಯನವರು ತಮ್ಮ 107ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. 'ಇಗೋ ಕನ್ನಡ' ಅಂಕಣದ ಮೂಲಕ ಓದುಗರ ಪದಸಂದೇಹಗಳಿಗೆ ವರ್ಷಗಟ್ಟಲೆ ಉತ್ತರಿಸಿದ್ದ ಅವರು, ಕನ್ನಡಕ್ಕೆ ಇಷ್ಟೊಂದು ಪದಗಳು ಒಮ್ಮೆಲೇ ನುಗ್ಗಿಬಂದ ಹೊತ್ತಿನಲ್ಲಿ ಅಗಲಿದರು.

ಪದಪಟ್ಟಿ

ಐಸೊಲೇಷನ್, ಕ್ವಾರಂಟೈನ್: ಎರಡೂ ಒಂದೇ ಅಲ್ಲ. ಸೋಂಕು ಖಚಿತವಾದವರನ್ನು ಬೇರೆ ಇರಿಸುವುದು ಐಸೊಲೇಷನ್. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು, ರೋಗ ಕಾಣಿಸೀತೇನೋ ಎಂದು ಕಾಯಿಸುವುದು ಕ್ವಾರಂಟೈನ್.

ಇನ್ಫೋಡೆಮಿಕ್: ಮಾಹಿತಿ ಮತ್ತು ಸಾಂಕ್ರಾಮಿಕ ಎಂಬ ಎರಡು ಇಂಗ್ಲಿಷ್ ಪದಗಳ ಬೆಸುಗೆ. ಸುಳ್ಳುಸುದ್ದಿ ರೋಗದಂತೆ ಹರಡುವುದು. 2003ರ ಸಾರ್ಸ್ ಕಾಲದಲ್ಲಿ ಬಳಕೆಗೆ ಬಂದಿತು.

ಕೋವಿಡಿಯಟ್: ಕೋವಿಡ್ ಮತ್ತು ಈಡಿಯಟ್ ಸೇರಿದ ಬೈಗುಳ. ಎಚ್ಚರಿಕೆ ಪಾಲಿಸದವರಿಗೂ, ಅಂಗಡಿಯ ಸಾಮಾನನ್ನೆಲ್ಲ ಕೊಂಡು ಕೂಡಿಡುವವರಿಗೂ ಅನ್ವಯ.

ಡೂಮ್‌ಸ್ಕ್ರೋಲಿಂಗ್: ಕೆಟ್ಟ ಸುದ್ದಿಯನ್ನೇ ಹುಡುಕುತ್ತ ಮೊಬೈಲಿನಲ್ಲಿ ಬೆರಳಾಡಿಸುತ್ತ ಕೂರುವುದು.

ಸೂಪರ್ ಸ್ಪ್ರೆಡರ್: ಸರಾಸರಿಗಿಂತ ಬಹಳ ಹೆಚ್ಚು ಮಂದಿಗೆ ಸೋಂಕು ದಾಟಿಸಿದ ವ್ಯಕ್ತಿ ಅಥವಾ ಸಂದರ್ಭ. ವ್ಯಕ್ತಿಗೆ ಅಂಟಿಸಿದಾಗ ಕಳಂಕವಾಗುವ ಅಪಾಯವಿದೆ.

ಹರ್ಡ್ ಇಮ್ಯುನಿಟಿ: ಬಹುಪಾಲು ಮಂದಿಗೆ ರೋಗನಿರೋಧಕ ಶಕ್ತಿ ಬಂದಾಗ ಉಳಿದವರಿಗೂ ದೊರೆಯುವ ರಕ್ಷಣೆ. ಜಾನುವಾರುಗಳ ರೋಗ ಕುರಿತ ಅಧ್ಯಯನದಿಂದ ಬಂದ ಪದ. 'ಹಿಂಡು' ಎಂದರೆ ಈ ಸೀಮೆಯ ಕುರಿಗಾರರಿಗೆ ಬೇಗ ತಿಳಿಯುತ್ತದೆ.

ಬೂಸ್ಟರ್: ಎರಡು ಸೂಜಿಗಳ ಬಳಿಕದ ಹೆಚ್ಚುವರಿ ಲಸಿಕೆ. ಭಾರತದಲ್ಲಿ 2022ರ ಜನವರಿ 10ರಿಂದ 'ಮುನ್ನೆಚ್ಚರಿಕೆ ಡೋಸ್' ಎಂಬ ಹೆಸರಿನಲ್ಲಿ ನೀಡಲಾಯಿತು.

ಡೆಲ್ಟಾ, ಓಮಿಕ್ರಾನ್: ರೂಪಾಂತರಿಗಳಿಗೆ ದೇಶದ ಹೆಸರು ಅಂಟದಿರಲೆಂದು 2021ರ ಮೇ 31ರಿಂದ ಬಳಕೆಗೆ ಬಂದ ಗ್ರೀಕ್ ಅಕ್ಷರಗಳು. ಭಾರತದ ಮೊದಲ ಓಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಕರ್ನಾಟಕದಿಂದಲೇ ವರದಿಯಾದವು.

ಉಳಿದದ್ದೇನು?

ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಘೋಷಿಸಿತು. ಬಫರ್ ಜೋನ್, ಪಿ-ಸಂಖ್ಯೆ, ಸೀಲ್‌ಡೌನ್ ಪದಗಳು ಆ ಹೊತ್ತಿಗಾಗಲೇ ನಿತ್ಯದ ಮಾತಿನಿಂದ ಮರೆಯಾಗಿದ್ದವು. 'ಲಾಕ್‌ಡೌನ್' ಉಳಿದಿದೆ, ಅದೂ ಕಾಲವನ್ನು ಅಳೆಯುವ ಪದವಾಗಿ. ಬರಗಾಲದ ವರ್ಷ, ಪ್ಲೇಗಿನ ವರ್ಷ ಎಂದು ಹಿರಿಯರು ಹೇಳುತ್ತಿದ್ದಂತೆ, ಮಗು ಹುಟ್ಟಿದ್ದು, ಮದುವೆಯಾದದ್ದು 'ಲಾಕ್‌ಡೌನಿನಾಗ' ಎಂದು ಈಗ ಹೇಳುತ್ತಾರೆ.

ಹೊರಗಿನ ಪದ ಬಂದರೆ ಕನ್ನಡ ಕೆಡುವುದಿಲ್ಲ. ಬಸ್ಸು, ರೈಲು, ಪ್ಲೇಗು ಎಲ್ಲವನ್ನೂ ಅದು ತನ್ನದಾಗಿಸಿಕೊಂಡಿದೆ. ಪ್ರಶ್ನೆ ಇರುವುದು ಬೇರೆಡೆ. ಜನ ಏನು ಮಾಡಬೇಕೆಂದು ತಿಳಿಸುವ ಪದ ಮೊದಲ ದಿನವೇ ತಿಳಿಯಬೇಕು. ಹದಿನೈದು ದಿನಗಳ ಅನುಭವದಿಂದ ಅರ್ಥವಾಗುವ ಎಚ್ಚರಿಕೆ ಎಚ್ಚರಿಕೆಯಲ್ಲ. ಕೂಡ್ಲಿಗಿಯ ನೆರೆಯ ಹಂಪಿಯಲ್ಲಿ 1991ರಿಂದ ಕನ್ನಡಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ, ಊರೂರಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ವೈದ್ಯರು, ಭಾಷಾತಜ್ಞರು ಮತ್ತು ಈ ಕಾರ್ಯಕರ್ತೆಯರು ಒಂದೆಡೆ ಕೂತು, ಮುಂದಿನ ರೋಗ ಬರುವ ಮೊದಲೇ ನೂರು ಪದಗಳಿಗೆ ಊರ ಮಾತನ್ನು ಗೊತ್ತುಮಾಡಿ ಇಟ್ಟರೆ ಅದು ಲಸಿಕೆಯಷ್ಟೇ ಉಪಯುಕ್ತ ಸಿದ್ಧತೆಯಾದೀತು.